ಏಳನೆಯ ಸ್ಥಾನದ ಅಂಕಿ

ಚಲಪತಿಗಳು ಕಾಲೂರುತ್ತಿದ್ದ ರೀತಿಯೇ ಬೇರೆ. ಮಗು ಮಲಗಿರುವ ಕೋಣೆಯಲ್ಲಿ ಓಡಾಡುವವರಂತೆ ಮೊದಲು ಬೆರಳುಗಳನ್ನು ಊರಿ, ಹಿಮ್ಮಡಿಯನ್ನು ಸಾವಕಾಶವಾಗಿ ಇಳಿಸುತ್ತಿದ್ದರು. ಚಿಕ್ಕಬಳ್ಳಾಪುರದ ಹೊರವಲಯದ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಪ್ರಾಧ್ಯಾಪಕರು, ನಾನು ಕನ್ನಡ ವಿಭಾಗದವನು. ಅವರ ಪ್ರಯೋಗಶಾಲೆಯ ನಿರ್ವಾತ ಕೊಳವೆಯಲ್ಲಿ, ಲೇಸರ್ ಬೆಳಕಿನಿಂದ ಊಹೆಗೂ ಮೀರಿದ ಶೈತ್ಯಕ್ಕಿಳಿಸಿದ ಪರಮಾಣುಗಳು ಬೀಳುತ್ತಿದ್ದವು. ಆ ಪತನದಿಂದ ಅವರು ಭೂಮಿಯ ಗುರುತ್ವವನ್ನು ದಶಮಾಂಶದ ಏಳನೆಯ ಸ್ಥಾನದವರೆಗೆ ಅಳೆಯುತ್ತಿದ್ದರು. ಹೆಜ್ಜೆಯ ಕಂಪನಕ್ಕೂ ಅಂಕಿ ಕದಲುತ್ತಿತ್ತು. ಯಾರಾದರೂ ಯೋಗಕ್ಷೇಮ ಕೇಳಿದರೆ "ಸುಮಾರಾಗಿದೀನಿ" ಎಂದು, 'ಸುಮಾರು' ಎಂಬ ಪದ ಬಾಯಿಗೆ ಬಂದದ್ದಕ್ಕೆ ತಾವೇ ಮುಖ ಸಿಂಡರಿಸುತ್ತಿದ್ದರು.

ಬೇಸಿಗೆ ಬಂದಾಗ ಸೆಳೆತ ಎಳ್ಳಷ್ಟು ಕುಗ್ಗುವುದನ್ನು ಅವರು ಎರಡು ವರ್ಷ ಕಂಡರು. ಅಂತರ್ಜಲ ಇಳಿದದ್ದೇ ಕಾರಣವೆಂದು ಶಿಷ್ಯೆ ಯಾಮಿನಿಯೊಡನೆ ಪ್ರಬಂಧ ಪ್ರಕಟಿಸಿದರು. ಶಿಡ್ಲಘಟ್ಟದ ಆ ಹುಡುಗಿಯ ಪಿಎಚ್.ಡಿ. ನಿಂತಿದ್ದುದೇ ಅದರ ಮೇಲೆ.

ಮರುವರ್ಷದ ಮಳೆಗಾಲದಲ್ಲಿ ಒಂದು ದಿನ, ಕಟ್ಟಡದಡಿಯ ಭಾರಿ ನೀರಿನ ಸಂಪನ್ನು ತೊಳೆಯಲು ಕಾಲೇಜಿನವರು ಖಾಲಿ ಮಾಡಿಸಿದರು. ಅಂಕಿ ಬೇಸಿಗೆಯಲ್ಲಿ ಕುಗ್ಗುತ್ತಿದ್ದಷ್ಟೇ ಕುಗ್ಗಿತು. ಬೇಸಿಗೆಗಳಲ್ಲಿ ಆ ಸಂಪು ಬರಿದಾಗಿರುತ್ತಿದ್ದುದನ್ನು ಯಾರೂ ಗಮನಿಸಿರಲಿಲ್ಲ. ಕಾರಣ ಅಂತರ್ಜಲವಲ್ಲ, ಈ ಸಂಪಿನ ನೀರು; ಪ್ರಬಂಧವೇ ತಪ್ಪಾಗಿತ್ತು.

ಸಂಜೆ ನಾನೇ ಹೇಳಿದೆ: "ಬಿಡಿ ಸಾರ್, ಸಂಪೊಳಗೆ ಇಳಿದು ನೋಡೋರು ಯಾರಿದಾರೆ? ಆ ಹುಡುಗಿ ಡಿಗ್ರಿ ಆದ್ರೂ ಆಗ್ಲಿ."

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ನಾನ್ ನೋಡ್ಬಿಟ್ನಲ್ಲಪ್ಪ."

ಯಾಮಿನಿಗೂ ತಾವೇ ತಿಳಿಸಿದರು. ಅವಳು ಅಳಲಿಲ್ಲ. "ಪೇಪರ್ ವಾಪಸ್ ತಗೊಳೋ ಲೆಟರಿಗೆ ನಾನೂ ಸೈನ್ ಹಾಕ್ಬೇಕಾ ಸಾರ್?" ಎಂದಷ್ಟೇ ಕೇಳಿ ಸಹಿ ಹಾಕಿದಳು. ಶಿಷ್ಯವೇತನದ ಅವಧಿ ಮುಗಿಯಿತು. ಮೊದಲಿನಿಂದ ಆರಂಭಿಸಲು ಮನೆಯವರು ಒಪ್ಪಲಿಲ್ಲ. ಚಿಂತಾಮಣಿಯ ಒಂದು ಶಾಲೆಯಲ್ಲಿ ಎಂಟನೆಯ ತರಗತಿಗೆ ಪಾಠ ಹೇಳತೊಡಗಿದಳು. ಚಲಪತಿಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಅವಳ ಪರವಾಗಿ ಪತ್ರ ಬರೆದರು. ಎಲ್ಲಿಂದಲೂ ಒಳ್ಳೆಯ ಉತ್ತರ ಬರಲಿಲ್ಲ.

ಒಮ್ಮೆ ನನ್ನನ್ನೂ ಕರೆದುಕೊಂಡು ಅವಳನ್ನು ನೋಡಲು ಹೋದರು. ಕಾಫಿ ಕೊಟ್ಟು ಅವಳು ಕೇಳಿದಳು: "ಆಟಮ್ಸ್ ಚೆನ್ನಾಗಿ ಬೀಳ್ತಿದಾವಾ ಸಾರ್?"

"ಬೀಳ್ತಿದಾವೆ ಕಣಮ್ಮ" ಎಂದವರು ಮತ್ತೆ ತಲೆಯೆತ್ತಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ನನಗೆ ಕಾಣಬಾರದೆಂದು ಮರೆಮಾಡಿ ಕಣ್ಣೊರೆಸಿಕೊಂಡರು.

ಸತ್ಯ ನುಡಿದವರ ಮನಸ್ಸು ಹಗುರಾಗಿರುತ್ತದೆಂದು ನಾನೂ ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಈಗ ಹೇಳಲಾರೆ. ಇಂಥವರು ತಮಗಾದ ನಷ್ಟವನ್ನು ಮರೆತುಬಿಡಬಲ್ಲರು. ತಮ್ಮ ಸತ್ಯಕ್ಕೆ ಬೆಲೆ ತೆತ್ತ ಇನ್ನೊಬ್ಬರ ಮುಖ ಮಾತ್ರ ಅವರೊಡನೆ ಬದುಕಿಡೀ ಇರುತ್ತದೆ. ಹಾಗಿದ್ದೂ, ಇನ್ನೊಮ್ಮೆ ಅಂಥ ಗಳಿಗೆ ಬಂದರೆ ಅವರು ಅದನ್ನೇ ಮಾಡುತ್ತಾರೆ, ಮತ್ತೆ ಅಷ್ಟೇ ನೋಯುತ್ತಾರೆ.