ಸಂಚಿಯೊಳಗಿನ ಫ್ಯೂಸು

"ಫ್ಯೂಸ್ ತಾ ಇಲ್ಲಿ."

"ಕೊಡಂಗಿಲ್ಲ, ಹೋಗ್ರೀ."

ಶೇಖರ ಚಾಚಿದ ಕೈ ಹಾಗೇ ಉಳಿಯಿತು. ಮಾನ್ವಿ ರಸ್ತೆಯ ಈ ಅದಿರು ಕಾರ್ಖಾನೆಗೆ ಅವನು ಸೂಪರ್‌ವೈಸರ್ ಆಗಿ ಬಂದು ಇನ್ನೂ ತಿಂಗಳಾಗಿಲ್ಲ. ಗೋಪಮ್ಮನೋ, ಇಲ್ಲಿಗೆ ಮೊದಲ ಲಾರಿ ಅದಿರು ಬಂದ ದಿನದಿಂದಲೂ ಗುಡಿಸುತ್ತಿರುವವಳು. ಬಾಲ್‌ಮಿಲ್ಲಿನ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದಳು. ಸೊಂಟದ ಎಲೆಯಡಿಕೆ ಸಂಚಿ ಎಂದಿಗಿಂತ ಉಬ್ಬಿತ್ತು.

ಮಿಲ್ಲೆಂದರೆ ಎರಡಾಳೆತ್ತರದ ಉಕ್ಕಿನ ಡ್ರಮ್ಮು. ತಿರುಗಿತೆಂದರೆ ಒಳಗಿನ ಕಬ್ಬಿಣದ ಗುಂಡುಗಳು ಬಿದ್ದು ಬಿದ್ದು ಅದಿರನ್ನು ಅರಿಷಿಣದ ಪುಡಿಯಷ್ಟು ನುಣ್ಣಗೆ ಅರೆದುಬಿಡುತ್ತವೆ. ಈಗ ಅದರ ಹೊಟ್ಟೆಯಲ್ಲಿ ಫಿಟ್ಟರ್ ಮಲಂಗಸಾಬನಿದ್ದ, ಸವೆದ ಪ್ಲೇಟು ಬಿಚ್ಚುತ್ತಾ. ಒಳಗೆ ಹೋಗುವವನು ಫ್ಯೂಸುಗಳನ್ನು ಕಿತ್ತು ಹೊರಗಿರುವವರ ಕೈಗೆ ಕೊಡಬೇಕು. ಹೊರಬಂದ ಮೇಲೆ ತಾನೇ ಇಸಿದುಕೊಳ್ಳಬೇಕು. ಯಾರೂ ಬರೆದಿಟ್ಟ ಕಾನೂನಲ್ಲ, ಇಲ್ಲಿಯವರು ಹಾಗೇ ಮಾಡಿಕೊಂಡು ಬಂದಿದ್ದರು. ತೊಡಕೆಂದರೆ, ಅದಿರುಗಲ್ಲು ಒಡೆಯುವ ಪಕ್ಕದ ಕ್ರಷರಿಗೂ ಅವೇ ಫ್ಯೂಸುಗಳಿಂದ ಕರೆಂಟು. ಅದು ನಿಂತು, ಅದಿರು ಹೊತ್ತ ಲಾರಿಗಳು ಗೇಟಿನಾಚೆಗೂ ಸಾಲುಗಟ್ಟಿದ್ದವು.

"ಮಿಲ್ಲಿನ ಸ್ವಿಚ್ ಆಫ್ ಅದ. ಒತ್ತಬ್ಯಾಡ್ರಿ ಅಂತ ಬೋರ್ಡೂ ಹಾಕೀನಿ. ಬರೇ ಕ್ರಷರ್ ಓಡ್ತದ," ಎಂದ ಶೇಖರ. ಕೆಟ್ಟವನೇನಲ್ಲ, ಅವಸರದವನು. "ಮಾಲಕರು ಫೋನಿನ್ಯಾಗ ಬೈಯಾಕತ್ತಾರ."

"ಬೈಲಿ ಬಿಡ್ರಿ. ಆ ಸ್ವಿಚ್ ಯಾರರ ಅಪ್ಪಿತಪ್ಪಿ ಒತ್ತಿದ್ರ, ಇಂವ ನಾಳಿ ನಿಮ್ಮ ಲಾರ್ಯಾಗ ಪುಡಿಯಾಗಿ ಹೋಗ್ತಾನ."

"ನಾಳಿಂದ ಕೆಲಸಕ್ಕ ಬರಬ್ಯಾಡ ನೀ!"

ಗೋಪಮ್ಮ ಸಂಚಿಯ ದಾರಕ್ಕೆ ಇನ್ನೊಂದು ಗಂಟು ಹಾಕಿದಳು. "ಆತು. ಇವತ್ತಂತೂ ಅದೀನಲ್ಲ."

ಒಳಗಿನ ಸುತ್ತಿಗೆ ಸದ್ದು ನಿಂತಿತು. ಡ್ರಮ್ಮಿನಿಂದ ಮಲಂಗಸಾಬನ ದನಿ ಗುಂಯ್‌ಗುಟ್ಟಿತು. "ಕೊಟ್ಟುಬಿಡಕ್ಕಾ! ನನ್ನ ಸಲುವಾಗಿ ಕೆಲಸ ಯಾಕ ಕಳಕೊಳ್ತಿ? ಬೋರ್ಡ್ ಹಾಕ್ಯಾರಂತಲ್ಲ!"

ಶೇಖರನ ಮುಖ ಅರಳಿತು. "ಕೇಳಿದ್ಯಾ? ಅವನೇ ಹೇಳಾಕತ್ತಾನ."

ಗೋಪಮ್ಮ ಬಾಗಿಲೊಳಗೆ ತಲೆ ತೂರಿಸಿದಳು. "ಲೇ ಮಲಂಗ್ಯಾ, ಒಳಗ ಕುಂತವನ ಮಾತು ನಾ ಕೇಳಂಗಿಲ್ಲ. ಬೇಕಾದ್ರ ಹೊರಗ ಬಂದು ಕೇಳು. ಈಗ ಬಾಯಿ ಮುಚ್ಚಿ ಬೋಲ್ಟ್ ಬಿಚ್ಚು!"

ಒಳಗೊಂದು ನಗು, ಮತ್ತೆ ಸುತ್ತಿಗೆ. ಶೇಖರ ಒಂದು ಹೆಜ್ಜೆ ಮುಂದಿಟ್ಟ.

"ಮುಟ್ರಿ ನೋಡೂಣು," ಅಂದಳು, ಕೂತಲ್ಲಿಂದ ಏಳದೆ.

ಅವನು ಫೋನು ಕಿವಿಗಿಟ್ಟುಕೊಂಡು ಗೇಟಿನ ಕಡೆ ನಡೆದ.

ಬಿಸಿಲಿಳಿಯುವಾಗ ಮಲಂಗಸಾಬ ತೆವಳಿ ಹೊರಬಂದ. ಅಡಿಯಿಂದ ಮುಡಿಯವರೆಗೆ ಕೆಂಪು, ಕಣ್ಣಷ್ಟೇ ಬಿಳಿ. ಮೈ ಕೊಡವಿಕೊಳ್ಳದೆಯೇ ಕೈ ಚಾಚಿದ. ಗೋಪಮ್ಮ ಗಂಟು ಬಿಚ್ಚಿ ಸಂಚಿಯನ್ನು ಸುರಿದಳು: ಪಿಂಗಾಣಿ ಫ್ಯೂಸುಗಳ ಜೊತೆ ಬಾಡಿದ ಎಲೆ, ಅಡಿಕೆ ಚೂರು, ಸುಣ್ಣದ ಡಬ್ಬಿ.

"ಖರೇನ ಹೋತೇನಬೇ ನಿನ್ನ ಕೆಲಸ?"

"ಹೋತು."

"ಲಗೂನ ಹಾಕೋ ಮಲಂಗಸಾಬ!" ದೂರದಿಂದ ಶೇಖರ ಕೂಗಿದ. ಲಾರಿಗಳು ಒಂದರ ಹಿಂದೊಂದು ಹಾರ್ನ್ ಹೊಡೆಯತೊಡಗಿದವು.

ಮಲಂಗಸಾಬ ಫ್ಯೂಸುಗಳನ್ನು ನೆಲಕ್ಕಿಟ್ಟು, ಅವಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

"ಮೊದಲ ನನಗೊಂದು ಎಲಿ ಮಾಡಕ್ಕಾ."

ಗೋಪಮ್ಮ ಒಂದು ಎಲೆ ಎತ್ತಿ, ಸೆರಗಿಗೆ ಒರೆಸಿ, ನಿಧಾನಕ್ಕೆ ಸುಣ್ಣ ಸವರತೊಡಗಿದಳು.