ಇಪ್ಪತ್ತೆರಡು ಒಲೆಗಳು

ಹೆಂಗಸರನ್ನು ಕರೆಸಿ ಕೇಳಬೇಕೆ? ಕೇಳಿದರೆ ಈ ಸಭೆ ಇವತ್ತು ಮುಗಿಯುವುದಿಲ್ಲ. ಕೇಳದಿದ್ದರೆ ಕೈಯಲ್ಲಿರುವ ವರದಿಯ ಹಾಳೆ ಸುಳ್ಳು. ಸುಳ್ಳಾದರೆ ಯಾರಿಗೇನು ನಷ್ಟ? ದೇವೇಂದ್ರ ಲೆಕ್ಕ ಹಾಕುತ್ತಿದ್ದ.

ಕಾಫಿ ಕಣದ ಬೆಂಚುಗಳ ಮೇಲೆ ಗಂಡಸರೇ ಕೂತಿದ್ದರು. ಹೆಂಗಸರು ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದರು. ಕೂಲಿಲೈನಿನ ಇಪ್ಪತ್ತೆರಡು ಮನೆಗಳಲ್ಲಿ ಹೊಗೆಯಿಲ್ಲದ ಒಲೆ ಕಟ್ಟಿಸಿ ವರ್ಷವಾಗಿತ್ತು. ವರದಿ ಬರೆಯಲು ಎಂಜಿನಿಯರ್ ದೇವೇಂದ್ರ ಮೂಡಿಗೆರೆಯಿಂದ ಜೀಪಿನಲ್ಲಿ ಬಂದಿದ್ದ.

"ಒಲೆ ಹೇಗಿದೆ?"

"ಫಸ್ಟ್‌ಕ್ಲಾಸ್ ಸಾರ್," ಎಂದ ಮೇಸ್ತ್ರಿ ದಾಸಯ್ಯ.

"ನೀವು ಉರಿ ಹಾಕಿದ್ದೀರಾ?"

"ನಾನ್ಯಾಕೆ ಹಾಕ್ಲಿ? ಮನೇಲಿ ಅವ್ಳಿಲ್ವಾ?"

ಎಲ್ಲರೂ ನಕ್ಕರು. ದೇವೇಂದ್ರನೂ ನಕ್ಕ. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಒಲೆ ಚೆನ್ನಾಗಿದೆಯೆಂಬ ಹಾಳೆಗೆ ಇಪ್ಪತ್ತೆರಡು ಸಹಿ ಬಿತ್ತು. ತೋಟದ ಯಜಮಾನ ಓಂಕಾರಮೂರ್ತಿ ಎದ್ದು ನಿಂತರು. "ಸೌದೆ ಅರ್ಧಕ್ಕರ್ಧ ಉಳೀತದಂತಲ್ಲ. ಇನ್ಮೇಲೆ ಮನೆಗೆ ವಾರಕ್ಕೆ ಒಂದೇ ಹೊರೆ. ಕಾಡೂ ಉಳೀಲಿ." ದಾಸಯ್ಯ ತಲೆಯಾಡಿಸಿದ.

ಸಂಜೆ ಲೈನಿನಲ್ಲಿ ದಾಸಯ್ಯನ ಹೆಂಡತಿ ಯಲ್ಲಮ್ಮ ತಲೆಹೊರೆ ಇಳಿಸುತ್ತಿದ್ದಳು. ದೇವೇಂದ್ರ ಒಳಗೆ ಬಗ್ಗಿ ನೋಡಿದ. ಒಲೆಯ ಬಾಯಿ ಒಡೆದಿತ್ತು.

"ಏನಾಯ್ತಮ್ಮ?"

"ಒನಕೇಲಿ ಒಡೆದ್ವಿ. ನೆರಳಿನ ಮರ ಮರಗಸಿ ಮಾಡಿ ಕಡಿದ ದಪ್ಪ ಕೊಂಬೆ ಇದ್ರ ಸಣ್ಣ ಬಾಯೊಳಗೆ ಹೋಗ್ಬೇಕಾದ್ರೆ ಸೀಳ್ಬೇಕು. ತೋಟದಿಂದ ಬಂದು ಕೊಡಲಿ ಹಿಡೀಲಾ, ಅನ್ನಕ್ಕಿಡ್ಲಾ?"

"ಎಲ್ಲರ ಮನೇಲೂ?"

"ಎಲ್ರ ಮನೇಲೂ."

"ಗಂಡಸರಿಗೆ ಗೊತ್ತಿಲ್ವಾ?"

"ಒಲೆ ಕಡೆ ಮುಖ ಹಾಕಿದ್ರಲ್ವಾ ಗೊತ್ತಾಗೋದು!"

ಇನ್ನು ಒಂದೇ ಹೊರೆ ಸೌದೆಯೆಂದು ಅವನು ತಡವರಿಸುತ್ತ ಹೇಳಿದ. ಯಲ್ಲಮ್ಮ ಹೊರೆಯ ಹಗ್ಗ ಬಿಚ್ಚುವುದನ್ನು ಬಿಟ್ಟು ತಿರುಗಿದಳು.

"ನಮ್ಮೋರು ಸುಮ್ನಿದ್ರಾ?"

"ಸಹಿ ಹಾಕಿದಾರೆ."

"ಬೇಯೋರು ನಾವು, ಸಹಿ ಅವ್ರದ್ದಾ? ಆ ಹಾಳೆ ಹರೀರಿ ಸಾರ್."

"ನೋಡೋಣ."

"ಎಂಥ ನೋಡೋದು ಮಾರಾಯ್ರೆ! ಅರ್ಧ ಸೌದೇಲಿ ಅರ್ಧ ಬೆಂದ ಅನ್ನ ತಿಂತಾರಾ ಇವ್ರು? ಕತ್ತಲಲ್ಲಿ ಕಾಡಿಗೆ ಹೋಗೋರು ನಾವೇ. ಗಾರ್ಡ್ ಹಿಡಿದ್ರೆ ಬೈಸ್ಕೊಳ್ಳೋರೂ ನಾವೇ. ಈ ಒಲೆ ಮಾಡ್ದ ಪುಣ್ಯಾತ್ಮ ಒಂದಿನ ಗಂಜಿ ಕಾಸಿದ್ನಾ?"

ಉತ್ತರಕ್ಕೆ ಕಾಯದೆ ಅವಳು ಇಡೀ ಕೊಂಬೆಯೊಂದನ್ನು ಒಲೆಗೆ ತುರುಕಿ ಊದಿದಳು. ಹೊಗೆ ಕೊಳವೆಯೊಳಗೆ ಏರಲಿಲ್ಲ; ಒಡೆದ ಬಾಯಿಯಿಂದಲೇ ಹೊರಳಿ ಬಂದು ಕೋಣೆ ತುಂಬಿತು. ಮೊದಲು ಅವಳ ಕೈ ಮರೆಯಾಯಿತು, ಆಮೇಲೆ ಮುಖ. ಕೆಮ್ಮು ಮಾತ್ರ ಉಳಿಯಿತು.

ದೇವೇಂದ್ರನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಜೇಬಿನ ಹಾಳೆಯನ್ನು ಅವನು ಮುಟ್ಟಲಿಲ್ಲ. ಆ ಒಲೆಯ ನಕ್ಷೆ ಬರೆದವನು ತಾನೇ ಎಂದು ಹೇಳಲೂ ಇಲ್ಲ.