ಹಿಂದಿನ ಸೊಲ್ಲು

ನಾನು ದುರ್ಗಿ, ಮುಟ್ಟಳ್ಳಿಯವಳು, ವಯಸ್ಸು ಮೂವತ್ತೆಂಟು. ಶಿರಾಲಿಯ ಹಾಸ್ಟೆಲೊಂದರಲ್ಲಿ ಅಡುಗೆ ಸಹಾಯಕಿ. ಕೆಲಸ ಕಾಯಂ ಆಗಬೇಕಾದರೆ ಹತ್ತನೆಯದು ಪಾಸಾಗಬೇಕು. ಉಳಿದದ್ದು ಇಂಗ್ಲಿಷ್ ಒಂದೇ, ಅದರಲ್ಲಿ ಎರಡು ಸಲ ಡುಮ್ಕಿ. ಈ ಸಲವೂ ಹೋದರೆ ಬೇರೆ ಯಾರನ್ನಾದರೂ ತಗೊಳ್ಳುತ್ತೇವೆ ಎಂದು ವಾರ್ಡನ್ ಮುಖಕ್ಕೇ ಹೇಳಿದ್ದರು.

ಕಾಲೇಜಿಗೆ ಹೋಗುವ ಮಗಳು ಅಂಕಿತಾ ದಿನಾ ಬೆಳಿಗ್ಗೆ ಪಾಠ ಹೇಳುತ್ತಿದ್ದಳು. ಒಂದು ಗುಣವಾಚಕ ಕೊಟ್ಟರೆ ಅದರ ನಾಮಪದ, ಕ್ರಿಯಾವಿಶೇಷಣ, ವಿರುದ್ಧ ಪದ ಬರೆಯಬೇಕಂತೆ. ಕೈಂಡ್ ಅಂದರೆ ಕೈಂಡ್‌ನೆಸ್, ಕೈಂಡ್ಲಿ, ಅನ್‌ಕೈಂಡ್. ಅಷ್ಟಕ್ಕೆ ಮುಗಿಯಿತೇ? ಪೇಷೆಂಟಿಗೆ ಪೇಷನ್ಸ್, ಪೇಷೆಂಟ್ಲಿ, ಇಂಪೇಷೆಂಟ್. ಒಂದಕ್ಕೆ ಅನ್, ಇನ್ನೊಂದಕ್ಕೆ ಇಂ, ಹಾನೆಸ್ಟಿಗೆ ಡಿಸ್. ಈ ಇಂಗ್ಲಿಷಿನವರ ಮನೆ ಹಾಳಾಗಲಿ, ಒಂದೇ ದಾರಿ ಹಿಡಿಯಬಾರದೇ ಎಂದು ಬೈದುಕೊಂಡೆ.

ಕಡೆಗೆ ಆ ಪಾಠವನ್ನು ನಟ್ಟಿ ಗದ್ದೆಗೇ ಹೊತ್ತುಕೊಂಡು ಹೋದೆ. ನಮ್ಮಲ್ಲಿ ಸಸಿ ನೆಡುವಾಗಿನ ಹಾಡು ಇಬ್ಬರ ಪಾಲು. ಒಬ್ಬಳು ಮುಂದಿನ ಸೊಲ್ಲು ಎತ್ತಬೇಕು, ಇನ್ನೊಬ್ಬಳು ಹಿಂದಿನದು ಹೇಳಿ ಮುಗಿಸಬೇಕು. ಮದುವೆಯಾಗಿ ಬಂದಾಗಿನಿಂದ ಮುಂದಿನದು ನನ್ನದು, ಹಿಂದಿನದು ಪಕ್ಕದ ಮನೆ ತಿಮ್ಮಿಯದು. ಅಕ್ಷರದ ಮುಖ ನೋಡದವಳು ಅವಳು. ಅಂಕಿತಾ ಬದುವಿನ ಮೇಲೆ ನಿಂತು ಅವಳಿಗೂ ಬಾಯಿಪಾಠ ಮಾಡಿಸಿದಳು. ನಾನು 'ಕೈಂಡೂ' ಎಂದು ಎಳೆದರೆ ತಿಮ್ಮಿ ಉಳಿದ ಮೂರನ್ನೂ ಒಂದೇ ಉಸಿರಿಗೆ ಹೇಳುವಳು. ವಾರದಲ್ಲಿ ನಲವತ್ತು ಪದ ಆಯಿತು. ಗೆದ್ದೆ ಅಂದುಕೊಂಡೆ.

ಭಟ್ಕಳದಲ್ಲಿ ಪರೀಕ್ಷೆ. ಪ್ರಶ್ನೆಪತ್ರಿಕೆಯಲ್ಲಿ ಎಂಟು ಪದ, ಒಂದೊಂದರ ಮುಂದೆ ಮೂರು ಖಾಲಿ ಮನೆ. ಎಲ್ಲ ನಾವು ಹಾಡಿದ್ದೇ. ಮನಸ್ಸಿನಲ್ಲಿ 'ಪೇಷೆಂಟೂ' ಎಂದೆ. ಕಾದೆ. ಏನೂ ಬರಲಿಲ್ಲ. ಇನ್ನೊಂದು ಪದ ಎತ್ತಿದೆ, ಅದೂ ಅಲ್ಲೇ ನಿಂತಿತು. ಆಗ ಹೊಳೆಯಿತು, ಅಯ್ಯೋ, ಉತ್ತರವೆಲ್ಲ ತಿಮ್ಮಿಯ ಬಾಯಲ್ಲಿದೆ, ನಾನು ಒಂದು ದಿನವೂ ಅದನ್ನು ಹೇಳಿಲ್ಲ. ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ನೀರು ಕುಡಿದೆ. ಕಾಲು ಅಲ್ಲಾಡಿಸಿ ಬೆಂಚು ಕುಟ್ಟಿದ್ದಕ್ಕೆ ಕೋಣೆ ಕಾಯುತ್ತಿದ್ದ ಮೇಡಂ ಎರಡು ಸಲ ಗದರಿದರು. ಗಡಿಯಾರ ಮಾತ್ರ ಯಾರಿಗೂ ಕಾಯದೆ ಓಡುತ್ತಿತ್ತು.

ಕೊನೆಗೆ ನಾಚಿಕೆ ಬಿಟ್ಟು ತಿಮ್ಮಿಯೇ ಆದೆ. ಅವಳ ಹಾಗೆ ಬಾಯಲ್ಲಿ ಎಲೆಯಡಿಕೆ ಕವಳ ಇದ್ದಂತೆ ನಾಲಿಗೆಯನ್ನು ಕೆನ್ನೆಗೆ ಒತ್ತಿದೆ. ಅವಳಂತೆ ಮೂಗಿನಲ್ಲೇ ರಾಗ ಎಳೆದೆ. ಬಂತು. ಐದು ಸಾಲು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಫಲಿತಾಂಶ ಬಂದ ದಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದೆವು. ಅಂಕಿತಾ ಓಡಿಬಂದು ಮೊಬೈಲು ತೋರಿಸಿದಳು. ಪಾಸು, ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚು. ನಾನು ಕೆಸರಲ್ಲೇ ಕೂತು ಅತ್ತುಬಿಟ್ಟೆ. ತಿಮ್ಮಿ ಕವಳ ಉಗುಳಿ ಮೆಲ್ಲಗೆ ಕೇಳಿದಳು.

"ಅದ್ರಲ್ಲಿ ನಂದೆಷ್ಟು?"

ಪರೀಕ್ಷೆಯಲ್ಲಿ ನಡೆದದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ, ಮರ್ಯಾದೆಯ ಪ್ರಶ್ನೆ. ಈಗ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪಾಸು ಮಾಡಿಸಿದ್ದೇ ನೀನು ಎಂದೆ.

ಅವಳು ನಗಲಿಲ್ಲ. ಕೈಯಲ್ಲಿದ್ದ ಕಳೆಯನ್ನು ಬದುವಿಗೆ ಎಸೆದು, ಕೈ ತೊಳೆದುಕೊಂಡು ಬಂದು ನನ್ನ ಎದುರಿಗೆ ಕೂತಳು.

"ಆತು, ಹಂಗಾರೆ ನಂಗೂ ಬರಿಯೂಕೆ ಕಲ್ಸು. ಇನ್ಮೇಲೆ ಮುಂದಿನ ಸೊಲ್ಲು ನಂದು."